ಮೆಟ್ಟಿಲ ಕೆಳಗಿನ ಹನ್ನೆರಡು ವೋಲ್ಟು

ಹೈಸ್ಕೂಲು ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುತ್ತ ನನಗೆ ಇಪ್ಪತ್ತು ವರ್ಷ ಕಳೆದಿವೆ. ಕಾರಿನೊಳಗೆ ಮೊಬೈಲು ಚಾರ್ಜು ಮಾಡುವ ಗುಂಡನೆಯ ಸಾಕೆಟ್ಟಿಗೆ ನಾಣ್ಯ ಬೀಳಿಸಿ ಫ್ಯೂಸು ಸುಟ್ಟವನೂ ನಾನೇ. ಚಿಲ್ಲರೆ ಇಡಲು ಎಷ್ಟು ಅಚ್ಚುಕಟ್ಟಾದ ತೂತು ಎಂದುಕೊಂಡಿದ್ದೆ! ಹೊಸ ಫ್ಯೂಸನ್ನು ನಾಳೆ ಹಾಕಿಸಿದರಾಯಿತು ಎಂದು ಒಂದು ವರ್ಷ ದೂಡಿದೆ. ನಿಮ್ಮ ಮನೆಯಲ್ಲೂ ಇಂಥ ನಾಳೆಗಳು ಒಂದೆರಡು ಇದ್ದೇ ಇರುತ್ತವೆ, ನನಗೆ ಗೊತ್ತು.

ಮೊನ್ನೆ ಮುಂಜಾನೆ ಆರಕ್ಕೆ ಹಿರಿಯೂರಿನ ನಮ್ಮ ಮನೆಯ ಪೋರ್ಟಿಕೋಗೆ ಬಂದು ನೋಡಿದರೆ ಹಿಂದಿನ ಎಡ ಟೈರು ನೆಲಕ್ಕೆ ಅಂಟಿ ಕೂತಿದೆ. ಬೇರೆ ದಿನವಾಗಿದ್ದರೆ ಒಂದು ಲೋಟ ಕಾಫಿ ಹೆಚ್ಚು ಕುಡಿದು ಪಂಕ್ಚರ್ ಅಂಗಡಿ ತೆರೆಯುವವರೆಗೆ ಕಾಯುತ್ತಿದ್ದೆ. ಅಂದು ಎಂಟೂವರೆಗೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ನನ್ನ ಅಕ್ಕನ ಕಣ್ಣಿನ ಪೊರೆ ತೆಗೆಯುವುದಿತ್ತು.

ಅಕ್ಕನನ್ನು ಕೊಟ್ಟದ್ದು ಧರ್ಮಪುರದ ಕಡೆಗೆ, ಕುರಿ ಸಾಕಿದವಳು. ಹಟ್ಟಿಯ ನೂರು ಕುರಿಗಳ ಮುಖವನ್ನೂ ಒಂದೊಂದಾಗಿ ಬಲ್ಲವಳು ಈಗ ಕಿವಿ ಸವರಿ, ಉಣ್ಣೆ ಮುಟ್ಟಿ ಗುರುತು ಹಿಡಿಯುತ್ತಿದ್ದಳು. ತೊಂದರೆಯೆಂದರೆ ಅವಳ ಶಕುನ. ಒಮ್ಮೆ ಹೊರಟಾಗ ಬೆಕ್ಕು ಅಡ್ಡ ಬಂತೆಂದು ಬಸ್‌ಸ್ಟ್ಯಾಂಡಿನಿಂದ ವಾಪಸಾದಳು. ಇನ್ನೊಮ್ಮೆ ಹಲ್ಲಿ ಲೊಚಗುಟ್ಟಿತೆಂದು ಚಪ್ಪಲಿಯನ್ನೇ ಮೆಟ್ಟಲಿಲ್ಲ. ಮೂರನೆಯ ಸಲ ಕಾಲು ಹಿಡಿದು ಹಿಂದಿನ ದಿನವೇ ನಮ್ಮ ಮನೆಗೆ ಕರೆತಂದಿದ್ದೆ. ಟೈರು ಕೂತಿರುವುದು ಗೊತ್ತಾದರೆ ಮುಗಿಯಿತು, ಧರ್ಮಪುರದ ಮೊದಲ ಬಸ್ಸು ಹತ್ತಿಬಿಡುತ್ತಾಳೆ. ಆಮೇಲೆ ಬ್ರಹ್ಮ ಬಂದರೂ ಕದಲುವವಳಲ್ಲ.

ಸ್ಟೆಪ್ನಿಯ ಮುಖ ನೋಡಿದೆ. ಅದರದೂ ಅದೇ ಗತಿ. ಗಾಳಿ ತುಂಬುವ ಪುಟ್ಟ ಪಂಪೇನೋ ಮನೆಯಲ್ಲಿತ್ತು, ಆದರೆ ಅದರ ಪ್ಲಗ್ಗು ಹೋಗುವುದು ಕಾರಿನ ಅದೇ ಸತ್ತ ಸಾಕೆಟ್ಟಿಗೆ. ಗೋಡೆಯ ಕರೆಂಟಿಗೆ ನೇರ ಕೊಟ್ಟರೆ ಪಂಪು ಸುಟ್ಟೀತು ಎನ್ನುವಷ್ಟು ಬುದ್ಧಿ ನನಗಿತ್ತು. ಪಂಪಿಗೆ ಬೇಕಾದ್ದು ಹನ್ನೆರಡು ವೋಲ್ಟು, ವೈಫೈ ಡಬ್ಬಿಯ ಅಡಾಪ್ಟರಿನ ಮೇಲೆ ಬರೆದಿರುವುದೂ ಹನ್ನೆರಡು ವೋಲ್ಟು. ಆಹಾ! ಅದರ ಪಿನ್ನು ಕತ್ತರಿಸಿ, ಪಂಪಿನ ಪ್ಲಗ್ಗಿನ ಮೂತಿಗೊಂದು ಪಕ್ಕಕ್ಕೊಂದು ತಂತಿ ಸುತ್ತಿ ಸ್ವಿಚ್ಚು ಹಾಕಿದೆ. ಪಂಪು 'ಗೊರ್' ಎಂದು ಒಂದೇ ಸಲ ನರಳಿ ಸುಮ್ಮನಾಯಿತು. ಅಡಾಪ್ಟರು ಕಮರು ವಾಸನೆ ಬಿಟ್ಟಿತು.

"ಏನಪ್ಪ ಅದು ಸದ್ದು, ಕುರಿ ಕೆಮ್ಮಿದಂಗೆ?" ಒಳಗಿನಿಂದ ಅಕ್ಕ ಕೇಳಿದಳು. ಕಣ್ಣು ಮಂಜಾದರೇನು, ಕಿವಿ ಬಲು ಚುರುಕು.

"ಮಿಕ್ಸಿ ಅಕ್ಕಾ," ಎಂದೆ.

ವೋಲ್ಟು ಒಂದೇ ಆದರೆ ಸಾಲದು, ಆಂಪಿಯರೂ ಬೇಕು. ಸಣ್ಣ ನಲ್ಲಿಯಿಂದ ತೋಟಕ್ಕೆ ನೀರು ಹಾಯಿಸಲಾಗದು ಎಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆಯುವವನು ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನನ್ನನ್ನೇ ಬೈದುಕೊಳ್ಳುತ್ತ ನೆಲದ ಮೇಲೆ ಕೂತಿದ್ದಾಗ ಹೆಂಡತಿ ರತ್ನ ಬಂದು ಪಿಸುಗುಟ್ಟಿದಳು.

"ಅಲ್ರೀ, ಮೆಟ್ಲ ಕೆಳಗೆ ಯುಪಿಎಸ್ಸಿನ ಬ್ಯಾಟ್ರಿ ಐತಲ್ಲ. ಅದೂ ಹನ್ನೆರಡು ವೋಲ್ಟೇ ಅಂತ ತಂದ ದಿನ ನೀವೇ ಅಂದಿದ್ರಿ. ಮನೆ ಫ್ಯಾನೆಲ್ಲ ತಿರುಗಿಸೋದು ನಿಮ್ಮ ಟೈರು ಊದಲ್ವಾ?"

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇದೇ. ಪೋರ್ಟಿಕೋದಲ್ಲೇ ಮೆಟ್ಟಿಲು, ಅದರ ಕೆಳಗೆ ದಿನವೆಲ್ಲ ಮನೆಯ ಕರೆಂಟು ಕುಡಿದು, ಆಯುಧಪೂಜೆಯ ಕುಂಕುಮ ಹಣೆಗಿಟ್ಟುಕೊಂಡು ಕೂತ ಬ್ಯಾಟರಿ. ಪಂಪಿನ ಜೊತೆ ಬಂದಿದ್ದ, ಬ್ಯಾಟರಿಗೆ ಕಚ್ಚಿಸುವ ಎರಡು ಕ್ಲಿಪ್ಪಿನ ವೈರು ಎಲ್ಲಿ? ರತ್ನ ನಾಚಿಕೊಂಡು ಅಡುಗೆಮನೆಯಿಂದ ತಂದುಕೊಟ್ಟಳು. ಕೆಂಪು ಕ್ಲಿಪ್ಪು ರಾಗಿಹಿಟ್ಟಿನ ಪ್ಯಾಕೆಟ್ಟಿನ ಬಾಯಿ ಕಚ್ಚಿತ್ತಂತೆ, ಕಪ್ಪು ಕ್ಲಿಪ್ಪು ರವೆಯದನ್ನು. ಕಾರಿನ ಬ್ಯಾಟರಿ ಇರುವುದು ಮುಂದಿನ ಬಾನೆಟ್ಟಿನಲ್ಲಿ, ಅಲ್ಲಿಂದ ಹಿಂದಿನ ಗಾಲಿಗೆ ಈ ವೈರು ಎಟುಕದು; ಮೆಟ್ಟಿಲ ಕೆಳಗಿನದಾದರೆ ಪಕ್ಕದಲ್ಲೇ. ಹಿಟ್ಟು ಕೊಡವಿ, ಕೆಂಪನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಕಚ್ಚಿಸಿ, ಇನ್ನೊಂದು ತುದಿಗೆ ಪಂಪಿನ ಪ್ಲಗ್ಗು ಸಿಕ್ಕಿಸಿ ಗುಂಡಿ ಒತ್ತಿದೆ.

ಪಂಪು ಗಡಗಡ ಎಂದು ಹೊಡೆದುಕೊಳ್ಳತೊಡಗಿತು. ಮುಳ್ಳು ಹತ್ತಕ್ಕೆ ಬಂತು, ಇಪ್ಪತ್ತಕ್ಕೆ ಬಂತು, ಮೂವತ್ತು ದಾಟಿತು. ಟೈರು ಎದ್ದು ನಿಂತಿತು. ಅಬ್ಬಾ, ಅದರೊಳಗೆ ಹೋದಷ್ಟೇ ಗಾಳಿ ನನ್ನ ಎದೆಯಿಂದ ನಿಟ್ಟುಸಿರಾಗಿ ಹೊರಗೆ ಬಂದಿರಬೇಕು. ಅಕ್ಕ ಸೆರಗು ಹೊದ್ದು ಬಂದು ಕಾರಿನಲ್ಲಿ ಕೂತಳು. "ಮಿಕ್ಸಿ ಬಲು ಹೊತ್ತು ತಿರುವಿದ್ರಿ," ಎಂದಳು. ನಾನು ಕಾರಿನ ಕೀಲಿ ತಿರುಗಿಸಿದೆ. ದಾರಿಯಲ್ಲಿ ಪಂಕ್ಚರ್ ಹಾಕಿಸಲೂ ನಿಲ್ಲಿಸಲಿಲ್ಲ, ಗುಟ್ಟು ಒಡೆದೀತೆಂದು.

ಆಪರೇಷನ್ ಸುಸೂತ್ರವಾಯಿತು. ರಾತ್ರಿ ಅಲ್ಲೇ ಉಳಿದೆವು. ಮರುದಿನ ಪಟ್ಟಿ ಬಿಚ್ಚಿದ ಮೇಲೆ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು, ನನ್ನ ಕೈ ಹಿಡಿಯದೆ ಅಂಗಳಕ್ಕೆ ನಡೆದಳು. ಹತ್ತು ಮಾರು ದೂರದಲ್ಲೇ ನಿಂತಳು.

"ಲೇ ತಮ್ಮ, ನಿನ್ನ ಕಾರಿನ ಹಿಂದಿನ ಗಾಲಿ ಕುಂತೈತಲ್ಲೋ. ನಿನ್ನೆ ಮಿಕ್ಸಿ ತಿರುವಿದ್ದು ಇದಕ್ಕೇ ಏನು?"

ಹೌದು, ಟೈರು ಮತ್ತೆ ಕೂತಿತ್ತು. ಅಷ್ಟು ದೂರದಿಂದ ಅವಳಿಗೆ ಅದು ಕಂಡಿತ್ತು! ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ಹೂಂ ಅಕ್ಕಾ. ಶಕುನ ಅಂತ ನೀನು ವಾಪಸ್ ಹೋಗ್ತೀಯ ಅಂತ ಹೆದರಿದ್ದೆ."

"ಕಣ್ಣು ಕಾಣದಿದ್ದಾಗ ಶಕುನ ಕೇಳಿದೆ ಕಣಪ್ಪ. ಈಗ ದಾರಿನೇ ಕಾಣ್ತೈತೆ," ಎಂದಳು ಅಕ್ಕ. "ಗಾಳಿ ಹಾಕ್ಸು, ಹೋಗಾಣ. ಕುರಿ ಮುಖ ನೋಡ್ಬೇಕು."