ಗೋಡೆಯಾಚೆಯ ಬಾಣಂತನ

ಕಾದ ಎಳ್ಳೆಣ್ಣೆಗೆ ಶುಂಠಿ ಬಿದ್ದ ಸದ್ದಿನಿಂದ ಸಿನಿಮಾ ಶುರುವಾಯಿತು. ತೆರೆಯ ಮೇಲೆ ಇನ್ನೂ ಕತ್ತಲೆ, ಬರೀ ಚೊಂಯ್ ಎನ್ನುವ ಸದ್ದು. ಸಿನಿಮಾಕ್ಕೆ ವಾಸನೆ ಎಲ್ಲಿಂದ ಬರಬೇಕು? ಆದರೂ ನನ್ನ ಮೂಗಿಗೆ ಆ ಘಾಟು ಅಡರಿತು. ಅದರ ಹಿಂದೆಯೇ ಸಾಂಬ್ರಾಣಿ ಹೊಗೆ, ಬಿಸಿನೀರಿನ ಹಬೆ, ಎಳೆಗೂಸಿನ ಹಾಲುವಾಸನೆ, ಒಟ್ಟಿನಲ್ಲಿ ಐರ್ಲೆಂಡಿನ ಟಾಲಾದಲ್ಲಿದ್ದ ನಮ್ಮ ಹಳೆಯ ಮನೆ ಇಡಿಯಾಗಿ ಎದ್ದು ಬಂತು. ಪಕ್ಕದ ಸೀಟಿನಲ್ಲಿ ಅಮ್ಮ ಕೋಟನ್ನೂ ಬಿಚ್ಚದೆ ಕೂತಿದ್ದಳು. ಸಿನಿಮಾ ಮಾಡಿದವಳು ಜಿಂಗ್, ಒಂದೇ ಗೋಡೆಯ ಆಚೆಗಿದ್ದ ಚೀನೀ ಮನೆಯ ಹುಡುಗಿ, ನನಗಿಂತ ಸ್ವಲ್ಪ ದೊಡ್ಡವಳು. ಐರ್ಲೆಂಡಿಗೆ ಬಂದ ಚೀನೀ ಸಂಸಾರ, ಹೆರಿಗೆಯಾದ ಮೇಲೆ ಮನಸ್ಸು ಕದಡಿಹೋದ ತಾಯಿ, ಇಷ್ಟೇ ಕಥೆ. ತೀರಿಹೋದ ತನ್ನಮ್ಮ ಲಿನ್ ಆಂಟಿಯ ಕಥೆ ಎಂದು ಫೋನಿನಲ್ಲಿ ಹೇಳಿ, ನಿನ್ನಮ್ಮನನ್ನು ತಪ್ಪದೆ ಕರೆದುಕೊಂಡು ಬಾ ಎಂದು ಒತ್ತಿ ಒತ್ತಿ ಹೇಳಿದ್ದಳು. ನಾನಂತೂ ಹಿಗ್ಗಿಹೋಗಿದ್ದೆ. ಲಿನ್ ಆಂಟಿಯ ಕಥೆಯೆಂದ ಮೇಲೆ ಅದರಲ್ಲಿ ನಮ್ಮಜ್ಜಿ ಇರಲೇಬೇಕಲ್ಲ!

ನನಗೆ ಆಗ ಆರು ವರ್ಷ. ನನ್ನ ತಮ್ಮ ಪುಟ್ಟ ಹುಟ್ಟುವಾಗ ಬಾಣಂತನ ಮಾಡಲು ಅಮ್ಮನ ಅಮ್ಮ ಮಂಡ್ಯದಿಂದ ಬಂದಿಳಿದಳು, ಸೂಟ್‌ಕೇಸಿನ ತುಂಬ ಬೆಳ್ಳುಳ್ಳಿ, ಮೆಣಸು, ಓಮ, ಹಳೆಯ ಹತ್ತಿ ಸೀರೆಯ ತುಂಡುಗಳು. ಬಂದವಳೇ ಮನೆಯ ಕಿಟಕಿಗಳನ್ನೆಲ್ಲ ಭದ್ರ ಮಾಡಿದಳು. ಅಮ್ಮನ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿಯಾಗಿ ಸೀರೆಯ ಪಟ್ಟಿ. ಸಾಂಬ್ರಾಣಿ ಹಾಕಿದಾಗಲೆಲ್ಲ ಸ್ಮೋಕ್ ಅಲಾರಂ ಕಿರುಚಿಕೊಳ್ಳುತ್ತಿತ್ತು, ಅಪ್ಪ ಕುರ್ಚಿ ಹತ್ತಿ ಅದರ ಬ್ಯಾಟರಿ ಕೀಳುತ್ತಿದ್ದರು. “ಇದ್ಯಾವ ದೆವ್ವ ಅಂತೀನಿ, ಒಳ್ಳೆ ಹೊಗೆಗೂ ಬಾಯ್ ಬಡ್ಕತದೆ!” ಎಂದು ಅಜ್ಜಿ ಗದರುತ್ತಿದ್ದಳು. ಅದೇ ತಿಂಗಳು ಲಿನ್ ಆಂಟಿಗೂ ಹೆರಿಗೆಯಾಯಿತು. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಗಂಡ ದೂರದ ರಿಂಗಾಸ್ಕಿಡಿ ಊರಿನ ಔಷಧದ ಕಾರ್ಖಾನೆಯಲ್ಲಿದ್ದು ಶನಿವಾರ ಮಾತ್ರ ಬರುತ್ತಿದ್ದ. ಗೋಡೆಯಾಚೆ ಮಗು ಅತ್ತೂ ಅತ್ತೂ ಸುಸ್ತಾಗುವುದನ್ನು ಕೇಳಿ ಅಜ್ಜಿಗೆ ತಡೆಯಲಾಗಲಿಲ್ಲ. “ಹಸಿ ಬಾಣಂತಿನ ಒಂಟಿ ಬಿಟ್ಟವ್ರಲ್ಲ, ಇವ್ರ ಮನೆ ಹಾಳಾಗ!” ಎಂದು ಸ್ಟೀಲ್ ಡಬ್ಬಿಯಲ್ಲಿ ಮೆಣಸಿನ ಸಾರು ತುಂಬಿಕೊಂಡು ಹೊರಟೇಬಿಟ್ಟಳು. ವಾಪಸು ಬಂದಾಗ ಅವಳ ಮುಖ ನೋಡಬೇಕಿತ್ತು ನೀವು! “ಚೀನಾದವ್ರೂ ನಮ್ಮೋರೇ ಕಣ್ರವ್ವ! ತಣ್ಣೀರ್ ಮುಟ್ಟಂಗಿಲ್ಲ, ಗಾಳಿಗೋಗಂಗಿಲ್ಲ, ಎಳ್ಳೆಣ್ಣೆ, ಶುಂಠಿ, ಎಲ್ಲಾ ನಮ್ ಥರಾನೇ ಐತೆ!”

ಅಂದಿನಿಂದ ಬೆಳಿಗ್ಗೆ ಅಮ್ಮನಿಗೆ, ಮಧ್ಯಾಹ್ನ ಲಿನ್ ಆಂಟಿಗೆ ಅಜ್ಜಿಯ ಎಣ್ಣೆನೀರು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ, ಒಂದೇ ಕೈ ಎರಡು ಮನೆಯ ಬಾಣಂತನ ಮಾಡಿತು. ಇದು ನಮ್ಮ ಮನೆಯ ಒಡವೆಯಂಥ ಕಥೆ. ಬಂದ ನೆಂಟರಿಗೆಲ್ಲ ಹೇಳಿದೆವು, ಅಜ್ಜಿಯ ತಿಥಿಯ ಊಟದಲ್ಲೂ ಹೇಳಿ ಕಣ್ಣೊರೆಸಿಕೊಂಡೆವು. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು, ಹೋದವರನ್ನು ಮತ್ತೆ ಜಗುಲಿಗೆ ಕರೆದು ಕೂರಿಸುವ ಕಥೆ.

ಸಿನಿಮಾದಲ್ಲಿ ಅಜ್ಜಿಗೆ ಮುಖವೇ ಇರಲಿಲ್ಲ. ಬಾಗಿಲು ತೆರೆಯುತ್ತಿತ್ತು, ಸೀರೆಯ ಅಂಚು ಕಾಣುತ್ತಿತ್ತು, ಎರಡು ಕೈ ಒಳಗೆ ಬರುತ್ತಿದ್ದವು. ಕೈ ಪರದೆ ಎಳೆಯುತ್ತಿತ್ತು. ಹಾಸಿಗೆಯಿಂದ ಏಳಲು ಹೋದವಳ ಭುಜ ಒತ್ತಿ ಮಲಗಿಸುತ್ತಿತ್ತು. ಹಬೆಯಾಡುವ ನೀರು ಸುರಿಯುತ್ತಿತ್ತು, ಆ ಹೆಂಗಸು ಚೀನೀ ಭಾಷೆಯಲ್ಲಿ ಬೇಡ ಬೇಡ ಎಂದು ಕೂಗುತ್ತಿದ್ದಳು, ಕೈಗೆ ಅದು ತಿಳಿಯುತ್ತಿರಲಿಲ್ಲ. ಕೊನೆಗೆ ಕಿವಿಗೆ ಹತ್ತಿ ತುರುಕಿದಾಗ ಇಡೀ ಥಿಯೇಟರಿನ ಸದ್ದು ನಿಂತುಹೋಯಿತು. ಹಿಂದೆ ಯಾರೋ “ಜೀಸಸ್” ಎಂದರು. ನನಗೆ ಮೈಯೆಲ್ಲ ಉರಿಯಿತು. ನಮ್ಮಜ್ಜಿ ಜೈಲರಾ? ರಾಕ್ಷಸಿಯಾ? “ನೋಡಮ್ಮ, ಹೆಂಗ್ ತೋರ್ಸಿದಾಳೆ! ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ,” ಎಂದು ಪಿಸುಗುಟ್ಟಿದೆ. ಅಮ್ಮ ತೆರೆಯಿಂದ ಕಣ್ಣು ಕೀಳಲಿಲ್ಲ.

ಆಮೇಲೆ ಆ ದೃಶ್ಯ ಬಂತು. ಮಧ್ಯಾಹ್ನ, ಸಣ್ಣ ಮಳೆ, ಹಿತ್ತಿಲು. ನೈಟಿಯಲ್ಲೇ ಹೊರಬಂದ ತಾಯಿ, ಸುತ್ತಿದ ಕೂಸನ್ನು ಕಸದ ಹಸಿರು ಡಬ್ಬದ ಮುಚ್ಚಳದ ಮೇಲೆ ಇಟ್ಟಳು. ಕಿವಿಯ ಹತ್ತಿ ಕಿತ್ತು ಬಿಸಾಡಿದಳು. ಗೇಟು ತೆಗೆದು, ಹಿಂದಿರುಗಿ ನೋಡದೆ ಹೊರಟುಹೋದಳು. ಮಹಡಿಯ ಕಿಟಕಿಯಲ್ಲಿದ್ದ ಹುಡುಗಿ ಓಡಿಬಂದು ಕೂಸನ್ನು ಎತ್ತಿ ಎದೆಗವಚಿಕೊಂಡು, ಮಳೆಯಲ್ಲಿ ನಿಂತೇ ಇದ್ದಳು. ಅಮ್ಮ ನನ್ನ ಮುಂಗೈ ಹಿಡಿದಿದ್ದಳು, ಉಗುರು ನೆಡುವಷ್ಟು ಗಟ್ಟಿಯಾಗಿ.

ಹೊರಗೆ ಬೆಂಚಿನ ಮೇಲೆ ಕೂತ ಮೇಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಲಿನ್ ಆಂಟಿ ಪಾಪ, ಆದರೆ ಅಜ್ಜಿಯ ಮೇಲೆ ಯಾಕೆ ಗೂಬೆ ಕೂರಿಸಬೇಕು, ಜಿಂಗ್‌ಗೆ ಈಗಲೇ ಫೋನ್ ಮಾಡಿ ಕೇಳುತ್ತೇನೆ ಎಂದೆ.

“ಬೇಡ,” ಎಂದಳು ಅಮ್ಮ. “ಹಿತ್ತಿಲಲ್ಲಿ ಮಗು ಇಟ್ಟು ಹೋಗಿದ್ದು ಲಿನ್ ಅಲ್ಲ ಕಣೇ. ನಾನು.”

ನನಗೆ ಅರ್ಥವೇ ಆಗಲಿಲ್ಲ. ಇನ್ನೊಮ್ಮೆ ಹೇಳು ಎಂದೆ.

“ನಾನೇ. ಪುಟ್ಟನ್ನ. ಅಜ್ಜಿ ಪಕ್ಕದ್ಮನೇಲಿ ಲಿನ್‌ಗೆ ನೀರು ಹಾಕ್ತಿದ್ರು. ನೀನು ಸ್ಕೂಲಲ್ಲಿದ್ದೆ. ಜಿಂಗ್‌ಗೆ ಜ್ವರ, ಮನೇಲಿದ್ಲು. ಲುವಾಸ್ ಟ್ರಾಮ್ ಸ್ಟಾಪ್ ತನಕ ಮನೆ ಚಪ್ಪಲೀಲೇ ಹೋದೆ. ಎಲ್ಲಿಗೆ ಅಂತ ಗೊತ್ತಿಲ್ಲ, ಆ ರೂಮಿಂದ ಆಚೆ ಹೋದ್ರೆ ಸಾಕಾಗಿತ್ತು. ವಾಪಸ್ ಬಂದಾಗ ಆ ಹುಡುಗಿ ಮಗು ಎತ್ಕೊಂಡು ನಿಂತಿದ್ಲು. ನನ್ ಕೈಗೆ ಕೊಟ್ಲು, ಹೋದ್ಲು. ಯಾರಿಗೂ ಹೇಳ್ಲಿಲ್ಲ. ಈಗ್ಲೂ ನನ್ ಹೆಸರು ಹೇಳಿಲ್ಲ ನೋಡು, ಅವ್ರಮ್ಮನ ತಲೆಗೇ ಕಟ್ಟಿದಾಳೆ.”

“ಅಜ್ಜಿಗೆ ಹೇಳ್ಬಹುದಿತ್ತಲ್ಲಮ್ಮ?”

“ಏನಂತ? ಅಷ್ಟು ಪ್ರೀತಿಯಿಂದ ಮಾಡೋರಿಗೆ, ನಿನ್ ಕೈ ಕಂಡ್ರೆ ಭಯ ಅಂತ ಹೇಳಕ್ಕಾಗತ್ತಾ?”

ಮತ್ತೆ ಯಾಕೆ ವಾಪಸು ಬಂದೆ ಎಂದು ಕೇಳಿದೆ. ಮಗುವಿನ ಮೇಲಿನ ಪ್ರೀತಿಗೆ ಎಂದು ಹೇಳಲಿ ಎಂದು ಒಳಗೊಳಗೇ ಬೇಡಿಕೊಂಡೆ, ಸುಳ್ಳಾದರೂ ಸರಿ.

“ಟ್ರಾಮ್ ಬಾಗ್ಲು ತೆಗೀತು. ಒಳಗೆ ಯಾರ್ದೋ ಮಗು ಅಳ್ತಿತ್ತು. ನಂಗೆ ಹಾಲಿಳಿದು ನೈಟಿ ಪೂರ್ತಿ ಒದ್ದೆ ಆಯ್ತು. ಜನ ನೋಡ್ತಾರೆ ಅಂತ ತಿರುಗಿ ಬಂದೆ. ಅವತ್ತು ಪ್ರೀತಿ ಗೀತಿ ಏನೂ ಇರ್ಲಿಲ್ಲ. ಆಮೇಲೆ ಬಂತು, ನಿಧಾನಕ್ಕೆ.”

ಅಷ್ಟರಲ್ಲಿ ಕಾರು ತಂದು ನಿಲ್ಲಿಸಿದ ಪುಟ್ಟ. ಆರಡಿಯ ಆಳು. “ವೆಲ್, ವಾಸ್ ಇಟ್ ಗ್ರ್ಯಾಂಡ್, ಮ್ಯಾಮ್?” ಎಂದು ಐರಿಷ್ ಧಾಟಿಯಲ್ಲಿ ಅಮ್ಮನನ್ನು ಕೇಳಿದ. “ಗ್ರ್ಯಾಂಡ್ ಆಗಿತ್ತು ಕಣೋ,” ಎಂದು ಅಮ್ಮ ಅವನ ಪಕ್ಕದಲ್ಲಿ ಹತ್ತಿ ಕೂತಳು. ನಾನು ಹಿಂದಿನ ಸೀಟಿನಿಂದ ಅವರಿಬ್ಬರ ತಲೆಗಳನ್ನು ನೋಡುತ್ತ ಕೂತೆ.

ಈಗ ಆ ಮನೆಗಳೆರಡರಲ್ಲೂ ಬೇರೆ ಯಾರೋ ಇದ್ದಾರೆ. ಅಜ್ಜಿ ಇಲ್ಲ, ಲಿನ್ ಆಂಟಿ ಇಲ್ಲ. ಅಜ್ಜಿಯ ಕೈ ನನಗೆ ಈಗಲೂ ಅಕ್ಕರೆಯ ಕೈಯೇ, ಅದು ಸುಳ್ಳಲ್ಲ. ಆದರೆ ಎಷ್ಟು ವರ್ಷ, ಎಷ್ಟು ನೆಂಟರ ಮುಂದೆ ನಾವು ಆ ಕಥೆ ಹೇಳಿದೆವು! ಪ್ರತಿ ಸಲವೂ, ಅಜ್ಜಿ ಸಾರು ಹಿಡಿದು ಪಕ್ಕದ ಮನೆಗೆ ಹೊರಡುವ ಹೊತ್ತಿಗೆ ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಕಾಫಿ ಮಾಡಲು ಎಂದುಕೊಂಡಿದ್ದೆವು.