ಮರಳಿನ ಮ್ಯಾಲೆ ರಸೀದಿ

ಗೋವಾದ ಬೀಚಿನಾಗ ಕಸೂತಿ ಚೀಲ ಮಾರಾಕತ್ತಿ ಇಪ್ಪತ್ತು ವರ್ಷ ಆತು. ಇಷ್ಟು ವರ್ಷದಾಗ ನನ್ನ ಕಡೆ ರಸೀದಿ ಕೇಳಿದಾಕಿ ಒಬ್ಬಾಕಿನ.

ಅಮೆರಿಕಾದಾಕಿ, ಕಪ್ಪು ಬಣ್ಣದ ಮೇಡಂ. ಅಲ್ಲೆ ಕಾಲೇಜಿನಾಗ ಪಾಠ ಮಾಡ್ತಾಳಂತ. ಒಂದು ಕೆಂಪು ಚೀಲ ತಗೊಂಡು, ರೊಕ್ಕ ಕೊಟ್ಟು, "ರಸೀದಿ?" ಅಂದ್ಲು.

"ಮರಳಿನ ಮ್ಯಾಲೆ ಯಾರು ರಸೀದಿ ಕೊಡ್ತಾರ್ರಿ ಮೇಡಂ?" ಅಂದೆ, ಬೀಚಿನಾಗ ಕಲಿತ ಇಂಗ್ಲಿಷಿನಾಗ.

ಆಕಿ ನಕ್ಕಳು. "ರೂಢಿ ಬಿದ್ದೈತಿ. ನಮ್ಮಲ್ಲಿ ನನ್ನಂಥಾರು ಅಂಗಡಿಗೆ ಹೋದ್ರ ಕದ್ದಾರು ಅಂತ ಸೆಕ್ಯುರಿಟಿಯಾಂವ ಹಿಂದ ಹಿಂದ ಬರ್ತಾನ. ರಸೀದಿ ಕೈಯಾಗ ಹಿಡಕೊಂಡ ಹೊರಗ ಬಾ ಅಂತ ನಾ ಸಣ್ಣಾಕಿದ್ದಾಗ ನಮ್ಮವ್ವ ಕಲಿಸಿದ್ಲು. ನೌಕರಿಗೂ ಹಂಗ. ಬಿಳಿ ಮಂದಿಗೆ ಒಂದು ಡಿಗ್ರಿ ಸಾಕಾತು, ನಾ ಎರಡು ತೋರಿಸಬೇಕಾತು."

ನನಗ ಭಾಳ ಕೆಟ್ಟ ಅನಿಸ್ತು. "ಇಲ್ಲೂ ಹಂಗರಿ. ನಾವು ಕರ್ನಾಟಕದಾರು ಅಂತ ಗೊತ್ತಾದ್ರ, ಘಟ್ಟದ ಮ್ಯಾಲಿನ ಘಾಟಿ ಮಂದಿ ಅಂತ ಹೀಯಾಳಿಸಿ ಬಾಡಿಗಿಗೆ ಖೋಲಿ ಕೊಡೂದಿಲ್ಲ" ಅಂದೆ. ಆಕಿ ನನ್ನ ಕೈ ಹಿಡಿದು, ಹೊಂಟ ಹೋದ್ಲು.

ಆಮ್ಯಾಲೆ ನಾನೂ ಚೀಲದ ಗಂಟು ಕಟ್ಟಾಕ ಹೋದ್ರ, ಗಂಟು ಪೂರಾ ಬಿಚ್ಚೇ ಇರಲಿಲ್ಲ. ಮುಂಜಾನೆ ಬಿಳಿ ಹೆಂಗಸರ ಮುಂದ ಪೂರಾ ಗಂಟು ಹರವಿ, ಬೇಕಾದ್ದು ಆರಿಸ್ಕೊಳ್ರಿ ಅಂದಿದ್ದೆ. ಈಕಿ ಮುಂದ ಗಂಟು ಮೊಣಕಾಲಡಿ ಒತ್ತಿ ಹಿಡದು, ಒಂದು ಚೀಲ ತೋರಿಸಿ, ಅದನ್ನ ಒಳಗಿಟ್ಟ ಮ್ಯಾಲೆನ ಇನ್ನೊಂದು ತಗದಿದ್ದೆ. ಯಾಕ ಹಂಗ ಮಾಡಿದೆ ಅಂತ ಯಾರರೆ ಕೇಳಿದ್ರ, ನಾನೂ ರೂಢಿ ಅಂತಿದ್ದೆ.

ಆಕಿನೂ ರೂಢಿ ಅಂದ್ಲು ಖರೇ. ಆದ್ರ ರಸೀದಿ ಕೇಳಿದ್ದು ನನ್ನ ಮೊಣಕಾಲು ನೋಡಿನ ಇರಬೇಕು.