ದೊಡ್ಡಮ್ಮನ ವೈನು, ಕೆಳಹೊಲದ ನೀರು

ಮಾಘ ಕಳೆಯುವ ಹೊತ್ತಿಗೆ ನನ್ನ ದೊಡ್ಡಮ್ಮನ ಉಗುರುಗಳು ನೇರಳೆ ಬಣ್ಣಕ್ಕೆ ತಿರುಗಿರುತ್ತಿದ್ದವು. ಹುಣಸೆಹುಳಿ ಹಚ್ಚಿ ತಿಕ್ಕಿದರೂ ಕಲೆ ಹೋಗುತ್ತಿರಲಿಲ್ಲ. ಮದುವೆಮನೆಗಳಲ್ಲಿ ಅವರು ಹೋಳಿಗೆ ಬಡಿಸಲು ಬಂದರೆ ಕೆಲವರು ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. “ಹೆಂಡದ ಕೈ ಅಲ್ರೀ, ದ್ರಾಕ್ಷಿ ಕೈ,” ಎಂದು ನಕ್ಕು ಅವರು ಮುಂದಿನ ಎಲೆಗೆ ಹೋಗುತ್ತಿದ್ದರು.

ಕುರುಗೋಡಿನ ಗುಡ್ಡದ ಬುಡದಲ್ಲಿ ದೊಡ್ಡಪ್ಪ ದೊಡ್ಡಮ್ಮ ಸೇರಿ ದ್ರಾಕ್ಷಿ ಬೆಳೆಸಿ ಒಂದು ಸಣ್ಣ ವೈನರಿ ಕಟ್ಟಿದ್ದರು. ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಒಬ್ಬರೇ ಅದನ್ನು ನಡೆಸಿದರು. ಸಿರುಗುಪ್ಪದ ಕಡೆ ಎರೆಹೊಲ, ಕಾಲುವೆ, ಭತ್ತ. ಇಲ್ಲಿ ಗರಸು ಮಣ್ಣು, ಕಾದ ಬಂಡೆ. “ಭತ್ತಕ್ಕ ನೀರು ಬೇಕು, ಈ ಬಳ್ಳಿಗೆ ನೀರಡಿಕಿ ಬೇಕು,” ಎನ್ನುತ್ತಿದ್ದರು. ನಮ್ಮ ಬಿಸಿಲಿಗೆ ಹಣ್ಣು ಬೇಗ ಸಿಹಿಯಾಗಿ ಹುಳಿ ಕಳೆದುಕೊಳ್ಳುತ್ತದೆ. ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, “ಇವತ್ತ ಕೊಯ್ಯಬೇಕು, ನಾಳಿ ಅಂದ್ರ ಬೆಲ್ಲದ ನೀರು ಆಗತೈತಿ,” ಎಂದು ಆಳುಗಳನ್ನು ಎಬ್ಬಿಸುತ್ತಿದ್ದರು. ಆ ವೈನು ಮೊದಲ ಗುಟುಕಿಗೆ ಒಗರು. ಆಮೇಲೆ ಮೆಣಸಿನಂಥ ಸಣ್ಣ ಖಾರವೊಂದು ನಾಲಿಗೆಯ ಮೇಲೆ ಉಳಿಯುತ್ತಿತ್ತು.

ನಾನು ಬಳ್ಳಾರಿಯಿಂದ ಹೋಗಿದ್ದ ಒಂದು ಭಾನುವಾರ ಕೆಳಹೊಲದವರು ಬಂದು ಜಗಲಿಯ ಮೇಲೆ ಕೂತರು. ಜೋಳ, ಸಜ್ಜೆ ಬಿಟ್ಟರೆ ಬೇರೇನೂ ಕಾಣದ ಹೊಲಗಳು ಅವರವು. ಈಗ ಏತ ನೀರಾವರಿಯ ನೀರು ಸಿಗುವುದರಲ್ಲಿತ್ತು. ಆದರೆ ತೋಡುಕಾಲುವೆ ದೊಡ್ಡಮ್ಮನ ಹೊಲದ ಮೇಲಂಚಿನಿಂದಲೇ ಹೋಗಬೇಕಿತ್ತು.

“ಅಕ್ಕಾರ, ನೀವು ಹೂಂ ಅಂದ್ರ ನಮ್ಮ ಮಕ್ಕಳು ಅನ್ನ ಉಣ್ತಾವ್ರಿ,” ಎಂದರು ಹಿರಿಯರೊಬ್ಬರು.

ದೊಡ್ಡಮ್ಮ ಬಳ್ಳಿಗಳ ಕಡೆ ನೋಡಿದರು. “ಆತು, ಕಾಲುವಿ ತಗೀರಿ,” ಎಂದರು.

ಅವರು ಹೋದ ಮೇಲೆ ನಾನು ಕೇಳಿದೆ, “ದೊಡ್ಡಮ್ಮ, ನೀರು ಬಸಿದು ನಮ್ಮ ಹೊಲಕ್ಕ ಇಳಿಯಂಗಿಲ್ಲೇನು?”

“ಇಳೀತೈತಿ. ಏನು ಮಾಡ್ಲಿ? ಅವರ ಹೊಲ ಒಣಗಿಸಿ ನಾ ದ್ರಾಕ್ಷಿ ಬೆಳೀಲೇನು?”

ನೀರು ಬಂತು. ಕೆಳಗೆ ಭತ್ತ ಹಸಿರಾಯಿತು. ಮೇಲೆ ದ್ರಾಕ್ಷಿಯ ಕಾಳುಗಳು ಊದಿಕೊಂಡು ಒಡೆದವು, ಎಲೆಗೆ ಬೂದಿರೋಗ ಹತ್ತಿತು, ಬೇರುಗಳು ಕೊಳೆಯತೊಡಗಿದವು. ಬಸಿಗಾಲುವೆ ತೋಡಿಸಿದರು, ಉಪಯೋಗವಾಗಲಿಲ್ಲ. ಕೊನೆಯ ವರ್ಷ ದೊಡ್ಡಮ್ಮ ವೈನಿನ ತೊಟ್ಟಿಯಿಂದ ಒಂದು ಗುಟುಕು ತೆಗೆದುಕೊಂಡು ಉಗುಳಿದರು. “ಇದು ನಮ್ಮ ಹೊಲದ್ದಲ್ಲ,” ಎಂದರು. ಬಾಟಲಿಗೆ ತುಂಬಲು ಬಿಡದೆ ಎಲ್ಲವನ್ನೂ ಚೆಲ್ಲಿಸಿದರು.

ಊರೆಲ್ಲ ಅವರನ್ನು ಹೊಗಳುತ್ತಿತ್ತು. ಹೋಳಿಗೆಗೆ ಕೈ ಅಡ್ಡ ಹಿಡಿದವರೂ ಈಗ ದಾರಿಯಲ್ಲಿ ನಿಂತು ಕೈಮುಗಿಯುತ್ತಿದ್ದರು. ಒಮ್ಮೆ ಬಳ್ಳಿ ಕಿತ್ತ ಹೊಲದ ಬದುವಿನ ಮೇಲೆ ಕೂತಿದ್ದಾಗ ದೊಡ್ಡಮ್ಮ ನನಗೆ ಮೆಲ್ಲಗೆ ಹೇಳಿದರು: “ಒಳ್ಳೇದು ಮಾಡಿದ್ಯವ್ವ ಅಂತಾರ ಎಲ್ಲಾರೂ. ಮಾಡೀನಿ, ಖರೇ. ಆದ್ರ ಕಾಲುವಿಗೆ ಜಾಗ ಕೊಡಬಾರದಿತ್ತು ಅನಸ್ತೈತಿ ನನಗ. ಯಾರ ಮುಂದನೂ ಅನಬ್ಯಾಡ.”

 

ಹೋದ ವರ್ಷ ಅವರು ತೀರಿಕೊಂಡರು. ತಿಥಿಯ ಊಟಕ್ಕೆ ಕೆಳಹೊಲದವರು ತಾವು ಬೆಳೆದ ಅಕ್ಕಿಯನ್ನೇ ಮೂಟೆಗಟ್ಟಲೆ ಹೊತ್ತು ತಂದರು, ತಾವೇ ನಿಂತು ಬಡಿಸಿದರು. ಅಂದು ಜಗಲಿಗೆ ಬಂದಿದ್ದ ಹಿರಿಯರು ನನ್ನ ಎಲೆಯ ಮುಂದೆ ಬಂದು, “ಉಣ್ಣವ್ವಾ, ಇದು ನಿಮ್ಮ ದೊಡ್ಡಮ್ಮ ಕೊಟ್ಟ ಅನ್ನ,” ಎಂದರು. ಉಂಡೆ. ಅನ್ನ ಬಹಳ ರುಚಿಯಾಗಿತ್ತು. ಇಷ್ಟು ರುಚಿ ಇರಬಾರದಿತ್ತು ಎಂದುಕೊಳ್ಳುತ್ತಲೇ ಇನ್ನೊಂದು ತುತ್ತು ಬಾಯಿಗಿಟ್ಟೆ.